ಓಪನ್, ಕ್ಲೋಸ್ ಮತ್ತು ಎಚ್-ಒನ್-ಬಿ

ತುಳುನಾಡಿನವರ ಮದುವೆ ಮಾತುಕತೆಯಲ್ಲಿ ಮೊದಲು ಬಳಿ, ಅಂದರೆ ಕುಲ, ಕೇಳುವುದು ವಾಡಿಕೆ. ಇಬ್ಬರದ್ದೂ ಒಂದೇ ಬಳಿ ಎಂದಾದರೆ ಮಾತು ಅಲ್ಲಿಗೇ ಮುಗಿಯಿತು, ಕಾಫಿ ಕುಡಿದು ಎದ್ದು ಬರುವುದು. ಮುಂಬಯಿಯ ಬೊರಿವಲಿಯಲ್ಲಿ ಈಗ ಬಳಿ ಎರಡನೇ ಪ್ರಶ್ನೆಯಾಗಿದೆ. ಮೊದಲನೆಯದು: "ಹುಡುಗ ಒಪಿಟಿಯಲ್ಲಿ ಉಂಟಾ, ಲಾಟರಿ ಆಯ್ತಾ?" ಕೇಳುವವರು ಹುಡುಗಿಯ ಸೋದರಮಾವ. ಅಳಿಯಸಂತಾನ ಕಾಗದದ ಮೇಲಿಂದ ಹೋಗಿ ಕಾಲವಾಯಿತು, ಆದರೆ ಇಂಥ ಕಡೆ ಕೊನೆಯ ಮಾತು ಇವತ್ತಿಗೂ ಮಾವನದೇ. ಜೀವಮಾನವಿಡೀ ಕ್ಯಾಂಟೀನು ಕಂಟ್ರಾಕ್ಟು ನಡೆಸಿದ ಈ ಮಾವಂದಿರು ಅಮೆರಿಕದ ವಲಸೆ ಕಾನೂನನ್ನು ವಕೀಲರ ಮಟ್ಟಕ್ಕೆ ಅರೆದು ಕುಡಿದಿದ್ದಾರೆ. ಅವರ ಮುಂದೆ ಹುಡುಗನ ಅಪ್ಪ "ನಮ್ಮವ ಎಂಎಸ್ ಮಾಡಿದ್ದಾನೆ" ಅಂದರೆ ಸಾಕಾಗುವುದಿಲ್ಲ. "ಎಂಎಸ್ ಇರಲಿ ಮಾರಾಯ್ರೆ, ಸ್ಟೆಮ್ಮಾ ಅಲ್ಲವಾ ಅದು ಹೇಳಿ."

ಈ ಸ್ಟೆಮ್ ಎನ್ನುವುದು ಹೊಸ ಜಾತಿ. ಅಮೆರಿಕದಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿ 12 ತಿಂಗಳು ಅಲ್ಲೇ ಕೆಲಸ ಮಾಡಬಹುದು. ಅದಕ್ಕೆ ಒಪಿಟಿ ಎಂದು ಹೆಸರು. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವನಾದರೆ ಅದರ ಮೇಲೆ ಇನ್ನೂ 24 ತಿಂಗಳು. ಹೀಗೆ ಮೂರು ವರ್ಷದ ಹುಡುಗರು, ಒಂದು ವರ್ಷದ ಹುಡುಗರು ಎಂದು ಮದುವೆ ಮಾರುಕಟ್ಟೆಯಲ್ಲಿ ಎರಡು ದರ. ಮೂರು ವರ್ಷ ಇದ್ದರೆ ಎಚ್-ಒನ್-ಬಿ ಎಂಬ ಕೆಲಸದ ವೀಸಾದ ಲಾಟರಿಗೆ ಮೂರು ಸಲವಾದರೂ ಚೀಟಿ ಹಾಕಬಹುದು, ಒಂದು ವರ್ಷದವನಿಗೆ ಒಂದೇ ಸಲ. ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಈ ದರಪಟ್ಟಿ ನಮ್ಮ ಮಾವಂದಿರಿಗಿಂತ ಮೊದಲೇ ತಿಳಿದಿತ್ತು. ಎಷ್ಟೋ ಕಡೆ ಅರ್ಥಶಾಸ್ತ್ರ ವಿಭಾಗ ತನ್ನ ಕೋರ್ಸನ್ನು 'ಇಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ' ಎಂಬ ಪಟ್ಟಿಗೆ ಸೇರಿಸಿಕೊಂಡು ರಾತ್ರೋರಾತ್ರಿ ಸ್ಟೆಮ್ ಆಯಿತು. ಎಂಬಿಎಗಳೂ ಅದೇ ಹಾದಿ ಹಿಡಿದವು. ಕಲಿಸುವ ಮೇಷ್ಟ್ರು ಬದಲಾಗಬೇಕಿರಲಿಲ್ಲ, ಪಟ್ಟಿಯ ಅಂಕಿ ಬದಲಾದರೆ ಸಾಕಿತ್ತು. ಹೆಸರಿಗೆ ಒಂದು 'ಎ' ಜಾಸ್ತಿ ಸೇರಿಸಿ ಭಾಗ್ಯ ಬದಲಿಸಿಕೊಡುವ ಅಂಕಿಶಾಸ್ತ್ರಿಗಳು ನಮ್ಮ ಎಸ್.ವಿ. ರೋಡಿನಲ್ಲೂ ಇದ್ದಾರೆ. ಅವರು ಇಷ್ಟು ಶುಲ್ಕ ತೆಗೆದುಕೊಳ್ಳುವುದಿಲ್ಲ.

ಒಪಿಟಿಯಲ್ಲಿ ಇನ್ನೊಂದು ಲೆಕ್ಕ ಉಂಟು. ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರಕೂಡದು. ಸ್ಟೆಮ್ ಅವಧಿ ಸೇರಿದರೆ 150 ದಿನ. ಕೆಲಸ ಸಿಗದವನು ಏನು ಮಾಡಬೇಕು? ವಾರಕ್ಕೆ 20 ಗಂಟೆ ತನ್ನ ಓದಿಗೆ ಸಂಬಂಧಪಟ್ಟ ಕೆಲಸ ಬಿಟ್ಟಿಯಾಗಿ ಮಾಡಿದರೂ ಮೊದಲ ವರ್ಷದಲ್ಲಿ ಅದು ಕೆಲಸವೆಂದೇ ಲೆಕ್ಕಕ್ಕೆ ಬರುತ್ತದೆ, ದಿನದ ಎಣಿಕೆ ನಿಲ್ಲುತ್ತದೆ. ಅಂದರೆ ಅರ್ಧ ಕೋಟಿ ರೂಪಾಯಿ ಸಾಲ ಮಾಡಿ ಕಂಪ್ಯೂಟರ್ ವಿಜ್ಞಾನ ಓದಿದ ಹುಡುಗ ಯಾವನೋ ಒಬ್ಬನ ಹುಟ್ಟಲಿರುವ ಕಂಪನಿಗೆ ಉಚಿತವಾಗಿ ವೆಬ್‌ಸೈಟ್ ಕಟ್ಟಿಕೊಡುತ್ತಾನೆ. ಇಲ್ಲಿ ಅವನ ತಾಯಿ "ಮಗನಿಗೆ ಸ್ಟಾರ್ಟಪ್ಪಲ್ಲಿ ಕೆಲಸ" ಎಂದು ಭಜನಾ ಮಂಡಳಿಯಲ್ಲಿ ಪೇಡೆ ಹಂಚುತ್ತಾಳೆ. ಸಂಬಳ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಪೇಡೆ ತಿನ್ನುವವರ ಮಕ್ಕಳೂ ಅಲ್ಲೇ ಇರುತ್ತಾರಲ್ಲ.

ಈ ಲಾಟರಿಯ ವಿಷಯದಲ್ಲಿ ಮುಂಬಯಿಯವರಿಗೆ ಪಾಠ ಹೇಳಲು ಹೊರಗಿನವರು ಬೇಡ. ನ್ಯೂಯಾರ್ಕಿನಿಂದ ಬರುವ ಅಂಕಿಗೆ ಉಸಿರು ಬಿಗಿಹಿಡಿದು ಕಾಯುವುದು ಈ ಊರಿನ ಹಳೆಯ ಕಸುಬು. ಅಲ್ಲಿನ ಹತ್ತಿ ಮಾರುಕಟ್ಟೆಯ ಓಪನಿಂಗ್ ದರ, ಕ್ಲೋಸಿಂಗ್ ದರ ಇಲ್ಲಿಗೆ ಬರುತ್ತಿದ್ದವು. ಅದರ ಮೇಲೆ ಗಿರಣಿ ಕೆಲಸಗಾರರು, ಹೋಟೆಲ್ ಮಾಣಿಗಳು ಪುಡಿಗಾಸು ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಆ ದರ ಬರುವುದು ನಿಂತಾಗ ಕಲ್ಯಾಣ್‌ಜಿ ಭಗತ್, ಆಮೇಲೆ ರತನ್ ಖತ್ರಿ ಮಡಕೆಯಿಂದ ಅಂಕಿ ತೆಗೆಯಲು ಶುರು ಮಾಡಿದರು. ಮಡಕೆಯೇ ಮಟ್ಕಾ. ಅದನ್ನು ಹಿಡಿಯಲು ಪೊಲೀಸರ ಕೈಯಲ್ಲಿ 1887ರ ಮುಂಬಯಿ ಜೂಜು ತಡೆ ಕಾಯ್ದೆ ಇತ್ತು, ಈಗಲೂ ಇದೆ. ಎಚ್-ಒನ್-ಬಿಗೆ ಆ ತಾಪತ್ರಯವಿಲ್ಲ. ವರ್ಷಕ್ಕೆ 65,000 ವೀಸಾ, ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಮೇಲೆ 20,000. ಮಾರ್ಚಿನಲ್ಲಿ ಹೆಸರು ಹಾಕುವುದು, ಕಂಪ್ಯೂಟರು ಎತ್ತುವುದು, ಅಕ್ಟೋಬರ್ 1ಕ್ಕೆ ಕೆಲಸ ಶುರು. 2026ರ ಆರ್ಥಿಕ ವರ್ಷದ ಕೋಟಾಕ್ಕೆ 3,43,981 ಅರ್ಹ ಹೆಸರುಗಳಿದ್ದವು, 1,20,141 ಎದ್ದವು. ಮೂವರಲ್ಲಿ ಒಬ್ಬ. ಖತ್ರಿಯ ಮಡಕೆಗಿಂತ ಇದು ವಾಸಿ, ಒಪ್ಪಬೇಕು. ಅದಕ್ಕೆ ಎರಡು ವರ್ಷ ಮುಂಚೆ ಅರ್ಜಿಗಳು 7.8 ಲಕ್ಷ ಮುಟ್ಟಿದ್ದವು. ಕಾರಣ ಸರಳ: ಒಬ್ಬನ ಹೆಸರಲ್ಲೇ ನಾಲ್ಕೈದು ಕಂಪನಿಗಳಿಂದ ಚೀಟಿ. ಆಗ ಒಂದು ಚೀಟಿಗೆ 10 ಡಾಲರ್. ಆಮೇಲೆ ತಲೆಗೆ ಒಂದೇ ಚೀಟಿ ಎಂದು ನಿಯಮ ಬಂತು, ದರವನ್ನು 215 ಡಾಲರಿಗೆ ಏರಿಸಿದರು. ಮಟ್ಕಾದ ಅಡ್ಡೆಯಲ್ಲಿ ಸೋತವನಿಗೆ ಅವನ ಅದೃಷ್ಟ ಸರಿಯಿಲ್ಲ ಎಂದಷ್ಟೇ ಹೇಳುತ್ತಿದ್ದರು. ಇಲ್ಲಿ ಅವನು 'ಪ್ರತಿಭಾವಂತರ ಜಾಗತಿಕ ಸ್ಪರ್ಧೆ'ಯಲ್ಲಿ ಭಾಗವಹಿಸಿದ್ದಾನೆ ಎನ್ನುತ್ತಾರೆ.

2025ರ ಸೆಪ್ಟೆಂಬರ್ 19, ಶುಕ್ರವಾರ, ಟ್ರಂಪ್ ಸಾಹೇಬರು ಒಂದು ಘೋಷಣೆಗೆ ಸಹಿ ಹಾಕಿದರು. ಹೊಸ ಎಚ್-ಒನ್-ಬಿ ಅರ್ಜಿಗೆ ಒಂದು ಲಕ್ಷ ಡಾಲರ್. ಜಾರಿ 21ರಿಂದ. ಅದು ಮಹಾಲಯ ಅಮಾವಾಸ್ಯೆ, ಪಿತೃಗಳಿಗೆ ಎಡೆ ಇಡುವ ದಿನ. ಬೊರಿವಲಿಯ ಮೈದಾನಗಳಲ್ಲಿ ಗರ್ಬಾಕ್ಕೆ ಮಂಟಪ ಏಳುತ್ತಿತ್ತು, ಮನೆಗಳ ಒಳಗೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ವರ್ಷ ವರ್ಷವೂ ಕಟ್ಟಬೇಕೆಂದು ಅಲ್ಲಿನ ವಾಣಿಜ್ಯ ಮಂತ್ರಿ ಹೇಳಿದರು, ಇಲ್ಲ ಒಂದೇ ಸಲ ಎಂದು ಮರುದಿನ ಶ್ವೇತಭವನ ಹೇಳಿತು. ಅಷ್ಟರೊಳಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಹತ್ತಿ ಕೂತವರು ಇಳಿದು ಓಡಿದ್ದರು. ಅಮೆರಿಕದ ಒಳಗೇ ಇದ್ದು ವಿದ್ಯಾರ್ಥಿ ವೀಸಾದಿಂದ ಎಚ್-ಒನ್-ಬಿಗೆ ಬದಲಾಗುವವನಿಗೆ ಈ ಶುಲ್ಕ ಇಲ್ಲ ಎಂಬ ಸ್ಪಷ್ಟೀಕರಣ ಬಂದದ್ದು ಅಕ್ಟೋಬರ್ 20ಕ್ಕೆ, ಆ ವರ್ಷದ ದೀಪಾವಳಿಗೆ. ಈ ನಡುವಿನ ತಿಂಗಳಲ್ಲಿ ಮಾವಂದಿರು ಎಷ್ಟು ಸಂಬಂಧ ಮುರಿದರು, ಎಷ್ಟನ್ನು ಮತ್ತೆ ಜೋಡಿಸಿದರು ಎನ್ನುವುದು ನಮ್ಮ ಸಮಾಜದ ಚರಿತ್ರೆಯಲ್ಲಿ ಬರೆದಿಡಬೇಕಾದ ವಿಷಯ. ಈ ಸ್ಪಷ್ಟೀಕರಣದ ಫಲವೇನು ಗೊತ್ತೇ? ಒಳಗಿರುವ ಹುಡುಗನ ದರ ಒಂದು ಲಕ್ಷ ಡಾಲರಿನಷ್ಟು ಏರಿತು. ನಮ್ಮ ವರದಕ್ಷಿಣೆಯವರು ಕೂಡ ಒಂದೇ ದಿನದಲ್ಲಿ ಅಷ್ಟು ಏರಿಸಿದವರಲ್ಲ.

ಇನ್ನು ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ಕನ್ಸಲ್ಟೆಂಟರು. ಬೊರಿವಲಿ ಪಶ್ಚಿಮಕ್ಕೆ ಸ್ಟೇಷನ್ನಿನಿಂದ ಇಳಿದರೆ ಕಾಲಿಗೆ ಎಡವುವುದು ವಡಾಪಾವ್ ಗಾಡಿ, ತಲೆಗೆ ತಗಲುವುದು ಇವರ ಬ್ಯಾನರು. ಉಚಿತ ಸೆಮಿನಾರು. ಉಚಿತವಾದದ್ದು ಸಮೋಸ, ತಣ್ಣನೆಯ ಹಾಲು ಮತ್ತು ಭರವಸೆ. ಗೋಡೆಯಲ್ಲಿ ಜಗತ್ತಿನ ನಕ್ಷೆ, ಅದರಲ್ಲಿ ಬಣ್ಣದ ಗುಂಡುಸೂಜಿ. ಮೇಜಿನ ಮೇಲೆ ಹಿತ್ತಾಳೆಯ ಗಂಟೆ: ವೀಸಾ ಬಂದ ಮಗು ಬಂದು ಬಾರಿಸಬೇಕು, ಫೋಟೋ ತೆಗೆಯುತ್ತಾರೆ. ಹೋದ ಮಗು ಹಿಂದಿರುಗಿ ಬಂದರೆ ಬಾರಿಸಲು ಅಲ್ಲಿ ಬೇರೆ ಗಂಟೆ ಇಟ್ಟಿಲ್ಲ.

ಟೈ ಕಟ್ಟಿದ ಹುಡುಗ ಮಾತು ಶುರು ಮಾಡುವುದೇ "ಸರ್, ಅಮೆರಿಕ ಈಗ ಅನ್‌ಸರ್ಟನ್" ಎಂದು. ಹೋದ ವರ್ಷ ಇದೇ ಕುರ್ಚಿಯಲ್ಲಿ ಕೂತು ಇದೇ ಹುಡುಗ "ಅಮೆರಿಕ ಎವರ್‌ಗ್ರೀನ್" ಅಂದಿದ್ದ. ಈಗ ಬ್ರಿಟನ್ ಎನ್ನುತ್ತಾನೆ. ಬ್ರಿಟನ್ನಿನದ್ದು ಶುದ್ಧ ಓಪನ್-ಕ್ಲೋಸ್ ಆಟ. ಓದಿದ ಮೇಲೆ ಇರಲು ಕೊಡುತ್ತಿದ್ದ ವೀಸಾವನ್ನು 2012ರಲ್ಲಿ ಕ್ಲೋಸ್ ಮಾಡಿದರು. ವಿಶ್ವವಿದ್ಯಾಲಯಗಳ ಗಲ್ಲಾಪೆಟ್ಟಿಗೆ ಅತ್ತಾಗ 2021ರ ಜುಲೈ 1ರಂದು ಗ್ರ್ಯಾಜುಯೇಟ್ ರೂಟ್ ಎಂದು ಎರಡು ವರ್ಷಕ್ಕೆ ಓಪನ್. ಜನ ತುಂಬಿದರು. 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಎರಡು ವರ್ಷ ಇಳಿದು 18 ತಿಂಗಳು. ಆಮೇಲೂ ಉಳಿಯಬೇಕಾದರೆ ಕೌಶಲದ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡಿನ ಸಂಬಳ ಬೇಕು. ಹೊಸಬರಿಗೆ ಒಂದಷ್ಟು ರಿಯಾಯಿತಿ. ಇದನ್ನೆಲ್ಲ ಹೇಳಿದರೆ ಟೈ ಹುಡುಗ ನಕ್ಷೆಯಲ್ಲಿ ಬೆರಳು ಸರಿಸುತ್ತಾನೆ: "ಹಾಗಾದರೆ ಆಸ್ಟ್ರೇಲಿಯಾ ನೋಡೋಣ ಸರ್." ಅಲ್ಲಿ ವಿದ್ಯಾರ್ಥಿ ವೀಸಾದ ಅರ್ಜಿ ಶುಲ್ಕ ಒಂದೇ ವರ್ಷದ ಅಂತರದಲ್ಲಿ 710 ಆಸ್ಟ್ರೇಲಿಯನ್ ಡಾಲರಿನಿಂದ 1,600ಕ್ಕೆ, ಅಲ್ಲಿಂದ 2,000ಕ್ಕೆ ಹಾರಿತು. ವೀಸಾ ಸಿಗದಿದ್ದರೂ ಶುಲ್ಕ ಅವರದೇ.

ಕೆನಡಾದ್ದು ನನಗೆ ತುಂಬಾ ಇಷ್ಟವಾದದ್ದು. 2024ರ ನವೆಂಬರ್ 1ರ ನಂತರ ಅರ್ಜಿ ಹಾಕುವವರಿಗೆ ಓದಿನ ನಂತರದ ಕೆಲಸದ ಪರವಾನಗಿ ಬೇಕಾದರೆ ಭಾಷಾ ಪರೀಕ್ಷೆ ಪಾಸಾಗಬೇಕು. ಗಮನಿಸಿ: ಹುಡುಗ ಬೊರಿವಲಿಯಿಂದ ಹೋಗುವಾಗಲೇ ಐಇಎಲ್‌ಟಿಎಸ್ ಬರೆದು ಹೋಗಿದ್ದಾನೆ. ಎರಡು ವರ್ಷ ಅವರದೇ ನೆಲದಲ್ಲಿ, ಅವರದೇ ಮೇಷ್ಟ್ರಿಂದ, ಇಂಗ್ಲಿಷಿನಲ್ಲೇ ಪಾಠ ಕೇಳಿ, ಅವರೇ ಕೊಟ್ಟ ಪದವಿ ಹಿಡಿದು ನಿಂತಿದ್ದಾನೆ. ಈಗ ಅವನಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ನೋಡಬೇಕಂತೆ. ತಮ್ಮ ಕಾಲೇಜುಗಳ ಬಗ್ಗೆ ಕೆನಡಾ ಸರ್ಕಾರಕ್ಕೆ ಇರುವಷ್ಟು ಪ್ರಾಮಾಣಿಕ ಅಭಿಪ್ರಾಯ ನಮ್ಮ ಯಾವ ಸರ್ಕಾರಕ್ಕೂ ಇಲ್ಲ.

ಜರ್ಮನಿಯ ಬಗ್ಗೆ ಮಾತ್ರ ಟೈ ಹುಡುಗ ಮೌನಿ. ಅಲ್ಲಿ ಓದು ಮುಗಿಸಿದವನಿಗೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ, ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ವರ್ಷದ ಖರ್ಚಿಗೆಂದು 11,904 ಯೂರೋ ಖಾತೆಯಲ್ಲಿಟ್ಟು ತೋರಿಸಬೇಕು, ಅದು ನಿಮ್ಮದೇ ಹಣ, ತಿಂಗಳು ತಿಂಗಳು ನಿಮಗೇ ವಾಪಸ್ಸು. ಕೇಳಿದರೆ "ಜರ್ಮನ್ ಭಾಷೆ ಕಷ್ಟ ಸರ್" ಎನ್ನುತ್ತಾನೆ. ಭಾಷೆ ಕಷ್ಟ ಎನ್ನುವುದು ಸುಳ್ಳಲ್ಲ. ಶುಲ್ಕವೇ ಇಲ್ಲದ ಕಡೆ ಕಮಿಷನ್ನು ಹುಟ್ಟುವುದು ಅದಕ್ಕಿಂತ ಕಷ್ಟ.

ಬೊರಿವಲಿಯಲ್ಲಿ ಈ ಓದಿಗೆಲ್ಲ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಬೇಡಿ, ಕಣ್ಣೆತ್ತಿ ನೋಡಿ. ಹಳೆಯ ನಾಲ್ಕು ಮಾಳಿಗೆಯ ಸೊಸೈಟಿ ಒಂದೊಂದೇ ರಿಡೆವಲಪ್‌ಮೆಂಟಿಗೆ ಹೋಗುತ್ತಿದೆ. ಬಿಲ್ಡರ್ ಕೊಡುವ ಕಾರ್ಪಸ್ ಹಣ ನೇರ ಡಾಲರಾಗಿ ಟೆಕ್ಸಾಸಿಗೆ ಹೋಗುತ್ತದೆ. ಕಟ್ಟಡ ಎದ್ದು ನಿಲ್ಲುವ ತನಕ ಬಾಡಿಗೆ ಮನೆಯಲ್ಲಿ ಅಪ್ಪ ಅಮ್ಮ, ಗ್ರೀನ್ ಕಾರ್ಡ್ ಬರುವ ತನಕ ಬಾಡಿಗೆ ಮನೆಯಲ್ಲಿ ಮಗ. ಬಿಲ್ಡರ್ ಒಂದು ದಿನ ಕಟ್ಟಿ ಮುಗಿಸಿಯಾನು. ಗ್ರೀನ್ ಕಾರ್ಡಿನಲ್ಲಿ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚಿಲ್ಲ ಎಂಬ ನಿಯಮದಡಿ 140 ಕೋಟಿ ಜನರ ಭಾರತಕ್ಕೂ ಪುಟಾಣಿ ಐಸ್‌ಲ್ಯಾಂಡಿಗೂ ಒಂದೇ ಅಳತೆ.

ಈ ಹುಡುಗರ ಅಜ್ಜಂದಿರು ಊರಿನಿಂದ ಬೊಂಬಾಯಿಗೆ ಬಂದಾಗ ಅವರ ಬಳಿ ಇದ್ದದ್ದು ಒಬ್ಬ ದೂರದ ಮಾವನ ಹೋಟೆಲಿನ ವಿಳಾಸ. ಹಗಲು ಕಪ್ಪು ತೊಳೆದು, ಟೇಬಲ್ ಒರೆಸಿ, ರಾತ್ರಿ ಗುರುನಾರಾಯಣದಂಥ ಕನ್ನಡ ರಾತ್ರಿ ಶಾಲೆಗಳಲ್ಲಿ ತೂಕಡಿಸುತ್ತಾ ಮೆಟ್ರಿಕ್ ಮಾಡಿದವರು ಅನೇಕರು. ಮೊಮ್ಮಗ ಹೋದ ಕೆನಡಾದಲ್ಲಿ ಪಾಠ ನಡೆಯುವ ದಿನಗಳಲ್ಲಿ ವಿದ್ಯಾರ್ಥಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು. ದಿನಕ್ಕೆ ಹದಿನಾರು ಗಂಟೆ ನಿಂತ ಅಜ್ಜ ಆ ನಿಯಮದ ಪ್ರಕಾರ ಮಂಗಳವಾರ ಮಧ್ಯಾಹ್ನಕ್ಕೇ ಗಡಿಪಾರು. ಮೊಮ್ಮಗ ಈಗ ಟೊರಾಂಟೊ ಆಸುಪಾಸಿನಲ್ಲಿ ಪದವಿ ಮುಗಿಸಿ ಕಾಫಿ ಅಂಗಡಿಯಲ್ಲಿ ಕಪ್ಪು ತೊಳೆಯುತ್ತಾನೆ. ಕೆಲಸದಲ್ಲಿ ಅವಮಾನ ಏನೂ ಇಲ್ಲ, ಮನೆತನದ ಕಸುಬು. ಆದರೆ ಅಜ್ಜನಿಗೆ ಕಪ್ಪು ತೊಳೆಯಲು ಬ್ಯಾಂಕು ಸಾಲ ಕೊಡಬೇಕಾಗಿರಲಿಲ್ಲ.

ಅಜ್ಜನ ಕಾಲ ಸುಖದ್ದು ಎಂದು ಯಾರೂ ತಿಳಿಯಬಾರದು. 1966ರ ಜೂನ್ 19ರಂದು ಶಿವಸೇನೆ ಹುಟ್ಟಿದ್ದೇ ಇದೇ ಮಾತಿನ ಮೇಲೆ: ಹೊರಗಿನವರು ಬಂದು ನಮ್ಮ ಕೆಲಸ ಕಿತ್ತುಕೊಳ್ಳುತ್ತಾರೆ. 'ಮಾರ್ಮಿಕ್' ಪತ್ರಿಕೆಯಲ್ಲಿ ಕಚೇರಿಗಳ ದಕ್ಷಿಣದ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿದ್ದರು. ಲುಂಗಿಯವರನ್ನು ಓಡಿಸುವ ಘೋಷಣೆ ಕೂಗುತ್ತಾ ಉಡುಪಿ ಹೋಟೆಲುಗಳ ಗಾಜು ಒಡೆದರು. ಆ ಗಾಜು ಗುಡಿಸಿದವರ ಮಕ್ಕಳು ಈಗ ಬೊರಿವಲಿಯ ಸೊಸೈಟಿಗಳಲ್ಲಿ ಸೆಕ್ರೆಟರಿ, ಟ್ರೆಜರರ್ ಆಗಿದ್ದಾರೆ. ಅವರ ಆಡಳಿತ ನೋಡಬೇಕು.

ಫ್ಲ್ಯಾಟ್ ಬಾಡಿಗೆಗೆ ಬೇಕೆಂದು ಹುಡುಗರು ಬಂದರೆ ಮೊದಲ ಪ್ರಶ್ನೆ, ಫ್ಯಾಮಿಲಿಯಾ? ಬ್ಯಾಚುಲರ್ ಆದರೆ ಇಲ್ಲ. ಲೀವ್ ಆಂಡ್ ಲೈಸೆನ್ಸ್ ಹನ್ನೊಂದು ತಿಂಗಳು, ಪೊಲೀಸ್ ವೆರಿಫಿಕೇಶನ್, ಸೊಸೈಟಿಯ ಎನ್‌ಒಸಿ, ಬ್ರೋಕರನ ಒಂದು ತಿಂಗಳ ಬಾಡಿಗೆ. ಹನ್ನೊಂದು ತಿಂಗಳಾದ ಮೇಲೆ ನವೀಕರಣ, ಇಲ್ಲವೇ ಗಂಟುಮೂಟೆ. ಬೇರೆ ಹೆಸರಿನ, ಬೇರೆ ಧರ್ಮದ ಹುಡುಗ ಬಂದರೆ ಅರ್ಜಿಯೇ ಮುಂದಕ್ಕೆ ಹೋಗುವುದಿಲ್ಲ. ಇದೇ ಕಮಿಟಿಯಲ್ಲಿ ಕೂತು ಸಹಿ ಹಾಕುವ ಒಬ್ಬ ಮಾವನ ಅಳಿಯ ಜೆರ್ಸಿ ಸಿಟಿಯಲ್ಲಿ ಐದು ಮಂದಿ ಬ್ಯಾಚುಲರ್‌ಗಳ ಜತೆ ಒಂದು ಫ್ಲ್ಯಾಟಿನಲ್ಲಿದ್ದಾನೆ. ಅಲ್ಲಿನ ಮನೆಯೊಡೆಯ ಕಿರಿಕಿರಿ ಮಾಡುತ್ತಾನಂತೆ. "ಎಂಥ ಜನ ಮಾರಾಯ್ರೆ, ಮನುಷ್ಯತ್ವ ಬೇಡವಾ" ಎಂದು ಮಾವ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಅದೇ ಮಾವನಿಗೆ ಎದುರಿನ ಟವರಿನಲ್ಲಿ ಮನೆ ಸಿಗಲಿಲ್ಲ. ಮೀನು ತಿನ್ನುವವರಿಗೆ ಅಲ್ಲಿ ಎನ್‌ಒಸಿ ಇಲ್ಲ. ಬಂಗುಡೆಯ ವಾಸನೆ ಗೊತ್ತಾಗಿಬಿಟ್ಟಿತು.

ಅಳಿಯ ಸಾಕಪ್ಪ ಸಾಕು ಎಂದು ಬೆಂಗಳೂರಿಗೆ ಬಂದಾನೇ? ನಾವೇ ಕನ್ನಡಿಗರಲ್ಲವೇ, ನಮ್ಮದೇ ರಾಜ್ಯ. 2024ರ ಜುಲೈಯಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳ ಅರ್ಧ, ಉಳಿದವುಗಳ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಸ್ಥಳೀಯ ಅಂದರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡ ಮಾತಾಡಲು, ಓದಲು, ಬರೆಯಲು ಬರುವವನು. ನಮ್ಮ ಹುಡುಗ ಹುಟ್ಟಿದ್ದು ಬೊರಿವಲಿಯ ನರ್ಸಿಂಗ್ ಹೋಮಿನಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಮೈದಾನದಲ್ಲಿ ಹಿಂದಿ-ಮರಾಠಿ. ಕನ್ನಡ ಅಕ್ಷರ ಅವನು ನೋಡಿದ್ದು ಯಕ್ಷಗಾನದ ಕರಪತ್ರದಲ್ಲಿ. ಮೂರಕ್ಕೆ ಮೂರೂ ಫೇಲು. ಕಂಪನಿಗಳು ಗದ್ದಲ ಎಬ್ಬಿಸಿದವು, ಮಸೂದೆಯನ್ನು ತಡೆಹಿಡಿದರು, ಹುಡುಗ ಬಚಾವಾದ. ಟ್ರಂಪ್ ಸಾಹೇಬರಿಗೆ ನಾವು ಮೊದಲೇ ಒಂದು ಕರಡು ಬರೆದು ಕೊಡಬಹುದಿತ್ತು.

ದೇಶದ ಮಟ್ಟದಲ್ಲೂ ನಾವು ಹಿಂದೆ ಬಿದ್ದಿಲ್ಲ. 'ಸ್ಟಡಿ ಇನ್ ಇಂಡಿಯಾ' ಎಂದು 2018ರಿಂದ ಹೊರದೇಶದ ಮಕ್ಕಳನ್ನು ಕರೆಯುತ್ತಿದ್ದೇವೆ. ಬೆಂಗಳೂರು, ಮೈಸೂರಿನಲ್ಲಿ ಆಫ್ರಿಕದ, ಪಶ್ಚಿಮ ಏಷ್ಯಾದ ಹುಡುಗ ಹುಡುಗಿಯರು ಬಂದು ಓದುತ್ತಾರೆ, ಶುಲ್ಕ ಕಟ್ಟುತ್ತಾರೆ. ಓದು ಮುಗಿದ ಮೇಲೆ ಕೆಲಸ ಹುಡುಕಲು ನಾವು ಕೊಡುವ ಅವಧಿ? ಒಪಿಟಿಯಂಥದ್ದು ನಮ್ಮಲ್ಲಿ ಇಲ್ಲವೇ ಇಲ್ಲ. ಕೆಲಸದ ವೀಸಾ ಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ರೂಪಾಯಿಗಿಂತ ಮೇಲೆ ಸಂಬಳ ಇರಬೇಕು. ಹೊಸದಾಗಿ ಪಾಸಾದ ನಮ್ಮ ಎಂಜಿನಿಯರನಿಗೇ ಎಲ್ಲಿ ಅಷ್ಟು ಕೊಡುತ್ತಾರೆ? ಈ ಸಂಬಳದ ಮಿತಿಯಿಂದ ವಿನಾಯಿತಿ ಪಡೆದವರಲ್ಲಿ ಆಯಾ ದೇಶದ ಅಡುಗೆ ಮಾಡುವ ಬಾಣಸಿಗರಿದ್ದಾರೆ. ನೈರೋಬಿಯಿಂದ ಬಂದು ಮೈಸೂರಿನಲ್ಲಿ ಎಂಎಸ್ಸಿ ಮಾಡಿದವನು ಜಾಣನಾದರೆ ಪ್ರಯೋಗಾಲಯ ಬಿಟ್ಟು ಒಲೆಯ ಮುಂದೆ ನಿಲ್ಲಬೇಕು. ಉಡುಪಿಯವರ ಸಲಹೆ ಬೇಕಿದ್ದರೆ ಬೊರಿವಲಿಗೆ ಬರಲಿ, ಮನೆ ಮಾತ್ರ ಕೇಳಬಾರದು.

ಹೊಸ ಸುದ್ದಿ ಏನೆಂದರೆ ಅಮೆರಿಕದ ಲಾಟರಿ ಈಗ ಎಲ್ಲರಿಗೂ ಒಂದೇ ಅಲ್ಲ. 2026ರ ಫೆಬ್ರವರಿ 27ರಿಂದ ಜಾರಿಗೆ ಬಂದ ನಿಯಮದಂತೆ ಸಂಬಳದ ಮೇಲಿನ ಹಂತದವನ ಹೆಸರು ನಾಲ್ಕು ಸಲ ಮಡಕೆಗೆ ಬೀಳುತ್ತದೆ, ಕೆಳಗಿನ ಹಂತದವನದು ಒಂದೇ ಸಲ. ಆಗಷ್ಟೇ ಓದು ಮುಗಿಸಿದವನು ಸಾಮಾನ್ಯವಾಗಿ ಯಾವ ಹಂತದಲ್ಲಿರುತ್ತಾನೆ ಎಂದು ಮಾವಂದಿರಿಗೆ ಹೇಳಬೇಕಾಗಿಲ್ಲ. ಟೈ ಹುಡುಗನ ಸ್ಲೈಡಿಗೆ ಈ ನಿಯಮ ಇನ್ನೂ ಬಂದಿಲ್ಲ, ಹಿತ್ತಾಳೆ ಗಂಟೆಗೆ ಮಾತ್ರ ಬ್ರಾಸೋ ಹಾಕಿ ತಿಕ್ಕಿದ್ದಾರೆ.

ಹೋಗುವವರು ಹೋಗಲಿ, ಬೇಡ ಎನ್ನಲು ನಾನು ಯಾರು. ಜೂನ್-ಜುಲೈಯ ಸೆಮಿನಾರುಗಳಿಗೆ ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗುವ ಬೊರಿವಲಿಯ, ಕಾಂದಿವಲಿಯ, ದಹಿಸರ್‌ನ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ಸಾಲದ ಕಾಗದಕ್ಕೆ ಜತೆ ಅರ್ಜಿದಾರರಾಗಿ ಸಹಿ ಹಾಕುವವರು ನೀವು. ಓದು ಮುಗಿದು ಬ್ಯಾಂಕು ಕೊಟ್ಟ ಬಿಡುವಿನ ತಿಂಗಳುಗಳು ಕಳೆದ ಮೇಲೆ ಕಂತು ಶುರುವಾಗುತ್ತದೆ, ವೀಸಾ ಸಿಕ್ಕಿತೋ ಇಲ್ಲವೋ ಎಂದು ಬ್ಯಾಂಕು ಕೇಳುವುದಿಲ್ಲ. ಆದ್ದರಿಂದ ಸಮೋಸ ತಿಂದಾದ ಮೇಲೆ ಎದ್ದು ನಿಂತು ಗಟ್ಟಿಯಾಗಿ ಒಂದು ಪ್ರಶ್ನೆ ಕೇಳಿ: ನಮ್ಮ ಮಗು ಸೇರಿದರೆ ಈ ಕಾಲೇಜಿನಿಂದ ನಿಮಗೆ ಎಷ್ಟು ಬರುತ್ತದೆ? ಉತ್ತರ ಬರುವ ತನಕ ಚೆಕ್ ಬುಕ್ಕು ಮನೆಯ ಕಪಾಟಿನಲ್ಲೇ ಇರಲಿ.